ಮದರ್‌ಬೋರ್ಡ್ ಬದಲಾದರೂ ವಿಂಡೋಸ್ ಲೈಸೆನ್ಸ್ ಉಳಿಸಿಕೊಂಡ ಬಗೆ

ಸಾಗರದಲ್ಲಿ ನಮ್ಮ ಭಾವನ ಡಿಟಿಪಿ ಅಂಗಡಿ ಇದೆ. ಅಲ್ಲಿನ ಮುಖ್ಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಹಾಕಿದ್ದಾಯಿತು. ಒಳಗಿರುವ ವಿಂಡೋಸ್ 10 ಪ್ರೊ ಲೈಸೆನ್ಸ್ ಮಾತ್ರ ಹಳೆಯದೇ. ಅದನ್ನು ಉಳಿಸಿಕೊಳ್ಳೋಕೆ ಏನೇನು ಮಾಡಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ. ಬೋರ್ಡ್ ಹೋಯಿತು ಅಂದ ಕೂಡಲೇ "ಫಾರ್ಮ್ಯಾಟ್ ಮಾಡಿ ಹೊಸ ಓಎಸ್ ಹಾಕಿಬಿಡೋಣ" ಅನ್ನುವವರೇ ಜಾಸ್ತಿ. ದುಡ್ಡು ಕೊಟ್ಟು ಕೊಂಡ ಲೈಸೆನ್ಸನ್ನು ಹಾಗೆ ಕೈಬಿಡಬೇಕಾಗಿಲ್ಲ.

ಹಳೆಯ ಪ್ರೊಸೆಸರ್ ಇಂಟೆಲ್ ಐ5-4460. ಎಚ್81 ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್. ಎರಡು ರ‍್ಯಾಮ್ ಸ್ಲಾಟಿನಲ್ಲಿ ಒಂದು ಸತ್ತು ಬಹಳ ಕಾಲವಾಗಿತ್ತು. ಈಚೆಗೆ ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗೋದು, ಡಿಸ್‌ಪ್ಲೇ ಬರ್ತಿರಲಿಲ್ಲ. ಆಫ್ ಮಾಡಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿದರೆ ಶುರುವಾಗೋದು. ಅಷ್ಟು ಹಳೆಯ ಬೋರ್ಡನ್ನು ರಿಪೇರಿ ಮಾಡಿಸೋಕೆ ನನಗೆ ಮನಸ್ಸಿರಲಿಲ್ಲ. ಸೆಕೆಂಡ್ ಹ್ಯಾಂಡ್ ಎಚ್81 ಸಿಗುತ್ತೆ, ಆದರೆ ಅದಕ್ಕೂ ಅಷ್ಟೇ ವಯಸ್ಸಾಗಿರುತ್ತೆ. ಜೊತೆಗೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರಿಗೆ ಸಿಗುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೂಡ 2026ರ ಅಕ್ಟೋಬರ್ 13ರವರೆಗೆ ಮಾತ್ರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. 4460 ನಾಲ್ಕನೆಯದು. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಐ3-12100, ಡಿಡಿಆರ್4ನ ಎಚ್610 ಬೋರ್ಡ್, 16 ಜಿಬಿ ರ‍್ಯಾಮ್ ತಗೊಂಡೆ. ಹಳೆಯದರಲ್ಲಿ ನಾಲ್ಕು ಕೋರ್, ನಾಲ್ಕು ಥ್ರೆಡ್. ಇದರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಡಿಸ್‌ಪ್ಲೇಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಕ್ಯಾಬಿನೆಟ್, ಕರೆಂಟ್ ಕೊಡುವ ಎಸ್‌ಎಂಪಿಎಸ್, ಫೈಲುಗಳಿರುವ ಎಸ್‌ಎಸ್‌ಡಿ ಹಳೆಯವೇ ಇರಲಿ ಅಂತಾಯಿತು.

ಎಸ್‌ಎಸ್‌ಡಿ ಹಳೆಯದೇ ಇರಬೇಕು ಅನ್ನೋದಕ್ಕೆ ಬಲವಾದ ಕಾರಣ ಇತ್ತು. ಅದರಲ್ಲಿ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇದೆ, ಪುಟ ಜೋಡಿಸುವ ಹಳೆ ಪೇಜ್‌ಮೇಕರ್ ಇದೆ, ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರದ ಫೈಲುಗಳಿವೆ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಮಾಡಿದ ಫೈಲ್ ಅಂದರೆ ಗೊತ್ತಲ್ಲ, ಅದೇ ಫಾಂಟ್ ಅದೇ ಹೆಸರಲ್ಲಿ ಇರದಿದ್ದರೆ ಪುಟ ತುಂಬ ಚಿತ್ರವಿಚಿತ್ರ ಅಕ್ಷರ. ಭಾವ ಮೊದಲು ಹೇಳಿದ್ದೇ "ನೀನು ಏನಾದ್ರೂ ಮಾಡು, ಒಳಗಿರೋದು ಒಂದೂ ಅಲುಗಾಡಬಾರದು" ಅಂತ.

ವಿಂಡೋಸ್ ಲೈಸೆನ್ಸ್ ಯಾವುದಕ್ಕೆ ಅಂಟಿಕೊಂಡಿರುತ್ತೆ ಅನ್ನೋದು ಮೊದಲು ಸ್ಪಷ್ಟವಾಗಬೇಕು. ಆಕ್ಟಿವೇಟ್ ಆಗುವಾಗ ಕಂಪ್ಯೂಟರಿನ ಬಿಡಿಭಾಗಗಳಿಂದ ಒಂದು ಗುರುತು ತಯಾರಾಗುತ್ತೆ. ಆ ಗುರುತು, ಲೈಸೆನ್ಸ್ ಎರಡೂ ಜೋಡಿಯಾಗಿ ಮೈಕ್ರೋಸಾಫ್ಟ್ ಸರ್ವರಿನಲ್ಲಿ ಉಳಿಯುತ್ತವೆ. ಡಿಜಿಟಲ್ ಲೈಸೆನ್ಸ್ ಅನ್ನೋದು ಇದಕ್ಕೇ. ರ‍್ಯಾಮ್ ಹೆಚ್ಚಿಸಿದರೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ಎಸ್‌ಎಸ್‌ಡಿ ಹೊಸದು ಹಾಕಿ ವಿಂಡೋಸ್ ಇನ್‌ಸ್ಟಾಲ್ ಮಾಡಿದರೂ, ಬೋರ್ಡ್ ಅದೇ ಆಗಿದ್ದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತೆ. ಮದರ್‌ಬೋರ್ಡ್ ಬದಲಾದರೆ ಮಾತ್ರ ಸರ್ವರಿನ ಪಾಲಿಗೆ ಅದು ಬೇರೆಯೇ ಕಂಪ್ಯೂಟರ್.

2016ರ ಆಗಸ್ಟಿನಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಲ್ಲಿ ಇದಕ್ಕೊಂದು ದಾರಿ ಮಾಡಿಕೊಟ್ಟರು. ಡಿಜಿಟಲ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಟ್ಟರೆ, ಬೋರ್ಡ್ ಬದಲಾದ ಮೇಲೆ ಅದೇ ಅಕೌಂಟಿನಲ್ಲಿ ಲಾಗಿನ್ ಆಗಿ "ಇದು ಅದೇ ಕಂಪ್ಯೂಟರ್" ಅಂತ ತೋರಿಸಬಹುದು. ಆದರೆ ಜೋಡಿಸೋ ಕೆಲಸ ಹಳೆ ಬೋರ್ಡ್ ಜೀವಂತ ಇದ್ದಾಗಲೇ, ವಿಂಡೋಸ್ ಆಕ್ಟಿವೇಟ್ ಆಗಿದ್ದಾಗಲೇ ಆಗಬೇಕು. ಭಾವನ ಬೋರ್ಡ್ ಹಠ ಮಾಡಿಯಾದರೂ ಶುರುವಾಗ್ತಿತ್ತಲ್ಲ, ಅದೇ ನಮ್ಮ ಪುಣ್ಯ.

ಲೈಸೆನ್ಸ್ ಯಾವ ಬಗೆಯದು ಅನ್ನೋದೇ ಮೊದಲ ಪ್ರಶ್ನೆ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ (ಕಮಾಂಡ್ ಪ್ರಾಂಪ್ಟ್) ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಸ್ಲ್ಯಾಶ್, ಡಿಎಲ್‌ಐ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಒಂದೆರಡು ಕ್ಷಣಕ್ಕೆ ಸಣ್ಣ ಕಿಟಕಿ ಬಂತು. ಮೊದಲ ಸಾಲಿನಲ್ಲಿ ವಿಂಡೋಸ್, ಪ್ರೊಫೆಷನಲ್ ಎಡಿಷನ್. ಎರಡನೆಯ ಸಾಲಿನ ಕೊನೆಯಲ್ಲಿ ರಿಟೇಲ್ ಚಾನೆಲ್. ಕೆಳಗೆ ಕೀಯ ಕೊನೆಯ ಐದು ಅಕ್ಷರ, ಅದರ ಕೆಳಗೆ ಲೈಸೆನ್ಸ್ಡ್. ಭಾವ ವಿಂಡೋಸ್ ಡಬ್ಬಿಯನ್ನು ಬಿಲ್ ಸಮೇತ ಬೀರುವಿನಲ್ಲಿ ಇಟ್ಟಿದ್ದರು. ಡಬ್ಬಿಯೊಳಗಿನ ಕಾರ್ಡಿನ ಮೇಲೂ ಕೊನೆಯ ಐದು ಅಕ್ಷರ ಅವೇ. ಅಷ್ಟಾದ ಮೇಲೆ ನನಗೆ ಧೈರ್ಯ ಬಂತು.

ಆ ಎರಡನೆಯ ಸಾಲಿನ ಮೇಲೆ ಎಲ್ಲವೂ ನಿಂತಿದೆ. ರಿಟೇಲ್ ಅಂತಿದ್ದರೆ ಆ ಲೈಸೆನ್ಸ್ ಕೊಂಡವರದು. ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ಅನ್ನೋ ಷರತ್ತಿನ ಮೇಲೆ ಅದನ್ನು ಬೇರೆ ಕಂಪ್ಯೂಟರಿಗೆ ಒಯ್ಯಬಹುದು. ಒಇಎಂ ಅಂತಿದ್ದರೆ ಅದು ಆ ಕಂಪ್ಯೂಟರಿನ ಜೊತೆ ಬಂದದ್ದು, ಅದರ ಜೊತೆಗೇ ಹೋಗುವಂಥದ್ದು. ಈಗಿನ ಬ್ರ್ಯಾಂಡೆಡ್ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಲ್ಲಿ ಒಇಎಂ ಡಿಎಂ ಅಂತ ತೋರಿಸುತ್ತೆ. ಅವುಗಳಲ್ಲಿ ಕೀ ಮದರ್‌ಬೋರ್ಡಿನ ಬಯೋಸ್ ಚಿಪ್ಪಿನೊಳಗೇ ಬರೆದಿರುತ್ತೆ. ಬೋರ್ಡ್ ಹೋದರೆ ಕೀಯೂ ಹೋಯಿತು. ಬೋರ್ಡ್ ಕೆಟ್ಟು ಆ ಕಂಪನಿಯವರೇ ಬದಲಿಸಿ ಕೊಟ್ಟರೆ ಲೈಸೆನ್ಸ್ ಮುಂದುವರಿಯುತ್ತೆ. ವೇಗ ಬೇಕು ಅಂತ ನಾವೇ ಬೇರೆ ಬೋರ್ಡ್ ಹಾಕಿದರೆ ಒಇಎಂ ಷರತ್ತಿನ ಪ್ರಕಾರ ಅದು ಹೊಸ ಕಂಪ್ಯೂಟರ್, ಹೊಸ ಲೈಸೆನ್ಸ್ ಬೇಕು.

ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಅಂತ ಬಂದರೆ ಅದು ದೊಡ್ಡ ಸಂಸ್ಥೆಗಳ ವ್ಯವಸ್ಥೆ. ಅವರ ಒಳಗಿನ ಸರ್ವರಿನಿಂದ 180 ದಿನಕ್ಕೊಮ್ಮೆ ಮುಗಿಯುವಂತೆ ಆಕ್ಟಿವೇಟ್ ಆಗುತ್ತಾ, ಮತ್ತೆ ಮತ್ತೆ ನವೀಕರಣವಾಗುತ್ತಾ ಇರುತ್ತೆ. ಮನೆಯ ಅಥವಾ ಸಣ್ಣ ಅಂಗಡಿಯ ಕಂಪ್ಯೂಟರಿನಲ್ಲಿ ಇದು ಕಂಡರೆ ಯಾರೋ ಕ್ರ್ಯಾಕ್ ಹಾಕಿಕೊಟ್ಟಿದ್ದಾರೆ ಅಂತಲೇ ಲೆಕ್ಕ. ಬಿಲ್ ಇಲ್ಲದೆ ನಾಲ್ಕೈದು ನೂರು ರೂಪಾಯಿಗೆ ಸಿಗುವ ಕೀಗಳಲ್ಲೂ ಎಷ್ಟೋ ಇಂಥ ಸಂಸ್ಥೆಗಳ ಕೀ, ಇಲ್ಲವೇ ಯಾವುದೋ ಕಂಪ್ಯೂಟರಿನ ಒಇಎಂ ಕೀ. ಇವತ್ತು ಆಕ್ಟಿವೇಟ್ ಆಗಬಹುದು. ಬೋರ್ಡ್ ಬದಲಿಸಿದ ದಿನ ಹಿಂದೆ ನಿಲ್ಲೋರು ಯಾರೂ ಇರಲ್ಲ.

ಇನ್ನು ಸ್ಕ್ರೂಡ್ರೈವರ್ ಮುಟ್ಟುವ ಮುಂಚಿನ ಕೆಲಸ. ಭಾವ ಲೋಕಲ್ ಅಕೌಂಟಿನಲ್ಲೇ ಕೆಲಸ ಮಾಡುತ್ತಿದ್ದರು. ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ಆಕ್ಟಿವೇಷನ್‌ಗೆ ಹೋಗಿ ಅಲ್ಲೇ ಕೆಳಗಿರುವ ಆ್ಯಡ್ ಆ್ಯನ್ ಅಕೌಂಟ್ ಒತ್ತಿದೆವು. ಅವರ ಮೈಕ್ರೋಸಾಫ್ಟ್ ಅಕೌಂಟಿಗೆ ಕೊಟ್ಟಿದ್ದ ಫೋನ್ ನಂಬರ್ ಈಗ ಬಳಕೆಯಲ್ಲಿಲ್ಲ. ಮೊದಲು ಅದನ್ನು ಸರಿ ಮಾಡಿಸಿದೆ. ಬೋರ್ಡ್ ಬದಲಿಸಿದ ಮೇಲೆ ಓಟಿಪಿ ಸತ್ತ ನಂಬರಿಗೆ ಹೋದರೆ ಅಲ್ಲೇ ನಿಂತುಬಿಡಬೇಕು. ಸೇರಿಸಿದ ಮೇಲೆ ಆಕ್ಟಿವೇಷನ್ ಪುಟದ ಸಾಲು ಬದಲಾಯಿತು. ಬರೀ "ಡಿಜಿಟಲ್ ಲೈಸೆನ್ಸಿನಿಂದ ಆಕ್ಟಿವೇಟ್ ಆಗಿದೆ" ಅಂತಿದ್ದದ್ದು, "ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದ ಡಿಜಿಟಲ್ ಲೈಸೆನ್ಸ್" ಅಂತಾಯಿತು. ಆ "ಜೋಡಿಸಿದ" ಅನ್ನೋ ಅರ್ಥದ ಮಾತು ಅಲ್ಲಿ ಕಾಣದಿದ್ದರೆ ಮುಂದಕ್ಕೆ ಹೋಗಬೇಡಿ.

ಕಂಪ್ಯೂಟರಿಗೆ ಹೆಸರು ಕೂಡ ಇಟ್ಟೆ. ವಿಂಡೋಸ್ ತಾನಾಗಿ ಇಡುವ ಹೆಸರು ಡೆಸ್ಕ್‌ಟಾಪ್ ಅಂತ ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುತ್ತೆ. ಆಮೇಲೆ ಪಟ್ಟಿಯಲ್ಲಿ ಹುಡುಕುವಾಗ ಯಾವುದು ಯಾವುದೋ. ಹಾಗಾಗಿ "ಅಂಗಡಿ-ಮೇನ್" ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದೆ. ಜೊತೆಗೆ ಪಾಸ್‌ವರ್ಡ್ ಇರುವ ಇನ್ನೊಂದು ಲೋಕಲ್ ಅಡ್ಮಿನ್ ಅಕೌಂಟ್ ಮಾಡಿಟ್ಟೆ. ಬರೀ ಪಿನ್ ಒತ್ತಿ ಒಳಗೆ ಹೋಗುವ ರೂಢಿ ಇರುವವರಿಗೆ ಇದು ತುಂಬಾ ಮುಖ್ಯ. ಟಿಪಿಎಂ ಇರುವ ಕಂಪ್ಯೂಟರಿನಲ್ಲಿ ಪಿನ್ ಆ ಟಿಪಿಎಂಗೆ ಕಟ್ಟಿಕೊಂಡಿರುತ್ತೆ. ಬೋರ್ಡ್ ಬದಲಾದರೆ ಪಿನ್ ಕೆಲಸ ಮಾಡಲ್ಲ. ಹೊಸ ಬೋರ್ಡಿನ ನೆಟ್‌ವರ್ಕ್ ಡ್ರೈವರ್ ಇಲ್ಲದೆ ಇಂಟರ್ನೆಟ್ಟೂ ಇಲ್ಲದಿದ್ದರೆ ಲಾಗಿನ್ ಪರದೆಯ ಹೊರಗೇ ನಿಂತಿರಬೇಕಾಗುತ್ತೆ.

ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಇದೆಯಾ ಅಂತಲೂ ನೋಡಿದೆ. ಇಲ್ಲಿ ಇರಲಿಲ್ಲ. ಈಚಿನ ಲ್ಯಾಪ್‌ಟಾಪ್, ವಿಂಡೋಸ್ 11ರ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತೆ. ಹಾಗಿದ್ದರೆ ಬೋರ್ಡ್ ತೆಗೆಯುವ ಮುಂಚೆ ಅದನ್ನು ಸಸ್ಪೆಂಡ್ ಮಾಡಬೇಕು. 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದೋ ಪ್ರಿಂಟ್ ತೆಗೆದೋ ಇಟ್ಟುಕೊಳ್ಳಬೇಕು. ಲೈಸೆನ್ಸ್ ಹೋದರೆ ದುಡ್ಡು ಹೋಗುತ್ತೆ. ಈ ಕೀ ಹೋದರೆ ಫೈಲೇ ಹೋಗುತ್ತೆ.

ನಿಜವಾಗಿ ಸಮಯ ತಗೊಂಡದ್ದು ಡಿಸ್ಕಿನ ವಿಚಾರ. ಹಳೆ ಎಸ್‌ಎಸ್‌ಡಿಯ ವಿಭಜನೆ ಎಂಬಿಆರ್ ಅನ್ನೋ ಹಳೆಯ ಮಾದರಿಯಲ್ಲಿತ್ತು, ಬೂಟ್ ಆಗುತ್ತಿದ್ದದ್ದು ಲೆಗಸಿ ಅನ್ನೋ ಹಳೆ ಪದ್ಧತಿಯಲ್ಲಿ. 12ನೇ ತಲೆಮಾರಿನ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಬಳಸಿದರೆ ಲೆಗಸಿ ಬೂಟ್ ನಡೆಯಲ್ಲ, ಯುಇಎಫ್‌ಐ ಅನ್ನೋ ಹೊಸ ಬೂಟ್ ಪದ್ಧತಿ ಬೇಕೇ ಬೇಕು. ವಿಂಡೋಸ್ 11ಕ್ಕೂ ಅದೇ ಬೇಕು. ಡಿಸ್ಕನ್ನು ಒರೆಸದೆ, ಯುಇಎಫ್‌ಐಗೆ ಬೇಕಾದ ಜಿಪಿಟಿ ಮಾದರಿಗೆ ಬದಲಿಸೋಕೆ ವಿಂಡೋಸಿನಲ್ಲೇ ಎಂಬಿಆರ್2ಜಿಪಿಟಿ ಅನ್ನೋ ಸಾಧನ ಇದೆ. 2017ರ 1703 ಆವೃತ್ತಿಯಿಂದ ಬಂದಿದ್ದು. ಮೊದಲು ಇಡೀ ಡಿಸ್ಕಿನ ಇಮೇಜನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದೆ. ಆಮೇಲೆ ಬದಲಿಸೋಕೆ ಆಗುತ್ತಾ ಅಂತ ನೋಡಲು ಅದರ ವ್ಯಾಲಿಡೇಟ್ ಓಡಿಸಿದೆ. ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪಲ್ಲ. ಇಲ್ಲಿ ಸರಿಯಾಗಿತ್ತು, ಕನ್ವರ್ಟ್ ಮಾಡಿದೆ. ನಂತರ ಹಳೆ ಎಚ್81 ಬೋರ್ಡಿನ ಬಯೋಸಿನಲ್ಲೇ ಯುಇಎಫ್‌ಐ ಆರಿಸಿ ಬೂಟ್ ಮಾಡಿ ನೋಡಿದೆ. ಬಂತು. ಇದನ್ನು ಹಳೆ ಬೋರ್ಡಿನಲ್ಲೇ ಪರೀಕ್ಷಿಸಿದ್ದಕ್ಕೆ ಕಾರಣ ಇದೆ. ನಾಳೆ ಹೊಸ ಬೋರ್ಡಿನಲ್ಲಿ ಬೂಟ್ ಆಗದಿದ್ದರೆ ತಪ್ಪು ಡಿಸ್ಕಿನದಲ್ಲ ಅಂತ ಖಾತ್ರಿ ಇರುತ್ತೆ.

ಎಸ್‌ಎಲ್‌ಎಂಜಿಆರ್‌ನ ಯುಪಿಕೆ ಕಮಾಂಡ್ ಕೊಟ್ಟು ಕೀ ತೆಗೆದರೆ ಸರ್ವರಿನಲ್ಲಿ ಲೈಸೆನ್ಸ್ ಬಿಡುಗಡೆ ಆಗುತ್ತೆ ಅಂತ ಹೇಳುವವರಿದ್ದಾರೆ. ಹಾಗೇನಿಲ್ಲ. ಅದು ಈ ಕಂಪ್ಯೂಟರಿನಿಂದ ಕೀ ತೆಗೆಯುತ್ತೆ ಅಷ್ಟೇ, ಮೈಕ್ರೋಸಾಫ್ಟಿಗೆ ಸುದ್ದಿ ಹೋಗಲ್ಲ. ಹಳೆ ಕಂಪ್ಯೂಟರನ್ನು ಬೇರೆಯವರಿಗೆ ಕೊಡುವಾಗ ಮಾಡಬೇಕಾದ ಕೆಲಸ ಅದು. ಅದೇ ಡಿಸ್ಕ್ ಮುಂದುವರಿಯುವಾಗ ಬೇಕಾಗಿಲ್ಲ.

ಟ್ಯಾಲಿಯ ಕತೆ ಇದಕ್ಕೆ ಉಲ್ಟಾ. ಭಾವ ಲೆಕ್ಕಪತ್ರಕ್ಕೆ ಟ್ಯಾಲಿ ಪ್ರೈಮ್ ಇಟ್ಟುಕೊಂಡಿದ್ದಾರೆ. ಅದರ ಲೈಸೆನ್ಸನ್ನು ಹಳೆ ಹಾರ್ಡ್‌ವೇರ್ ಇರುವಾಗಲೇ ಸರೆಂಡರ್ ಮಾಡಬೇಕು, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಹೆಲ್ಪ್ ಮೆನುವಿನ ಸೆಟ್ಟಿಂಗ್ಸ್ ಒಳಗೆ ಲೈಸೆನ್ಸ್ ಅಂತಿದೆ, ಅಲ್ಲೇ ಸರೆಂಡರ್. ಅಂಗಡಿ ಕಂಪ್ಯೂಟರಿಗೆ ಕೈಹಾಕುವವರು ಇದನ್ನು ಮರೆಯಬಾರದು. ಬಿಲ್ ಮಾಡೋಕೆ ಆಗದಿದ್ದರೆ ಅವತ್ತಿನ ವ್ಯಾಪಾರವೇ ನಿಲ್ಲುತ್ತೆ.

ಕೊನೆಯದಾಗಿ ಹೊಸ ಬೋರ್ಡಿನ ಲ್ಯಾನ್ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ.

ಬೋರ್ಡ್ ಬದಲಿಸೋದು ಇದರ ಮುಂದೆ ಸಲೀಸು. ಅಂಗಡಿಗೆ ರಜೆ ಇದ್ದ ಭಾನುವಾರ ಕ್ಯಾಬಿನೆಟ್ ಮಲಗಿಸಿ ಧೂಳು ಊದಿದೆ. ಪೇಪರ್ ಧೂಳು ಎಸ್‌ಎಂಪಿಎಸ್ ಜಾಲರಿಯ ಮೇಲೆ ಬಟ್ಟೆಯ ಹಾಗೆ ಹೆಣೆದುಕೊಂಡಿತ್ತು. ಹಳೆ ಬೋರ್ಡ್, ಹಿಂದಿನ ತಗಡಿನ ಪಟ್ಟಿ ತೆಗೆದೆ. ಹೊಸ ಪ್ರೊಸೆಸರನ್ನು ಕ್ಯಾಬಿನೆಟ್ಟಿನ ಹೊರಗೇ ಕೂರಿಸಿದೆ. ಈ ಸಾಕೆಟ್ಟಿನಲ್ಲಿ ಪಿನ್‌ಗಳಿರೋದು ಬೋರ್ಡಿನಲ್ಲಿ. ಬೆರಳು ತಾಗಿ ಒಂದು ಬಗ್ಗಿದರೂ ಕೆಟ್ಟಿತು. ಮೂಲೆಯ ತ್ರಿಕೋನ ಗುರುತು ಹೊಂದಿಸಿ ಸುಮ್ನೆ ಇಳಿಬಿಟ್ಟು, ಲಿವರ್ ಒತ್ತಿದಾಗ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಹಾರುತ್ತೆ. ಕೂಲರಿನ ನಾಲ್ಕು ಕಾಲನ್ನು ಎದುರುಬದುರಾಗಿ ಒತ್ತಬೇಕು, ಪ್ರತಿಯೊಂದೂ ಟಕ್ ಅಂತ ಸದ್ದು ಮಾಡಬೇಕು. ಬೋರ್ಡ್ ಹಿಂಭಾಗ ತಿರುಗಿಸಿ ನಾಲ್ಕೂ ಬಿಳಿ ಕಾಲು ಪೂರ್ತಿ ಹೊರಬಂದಿವೆಯಾ ಅಂತ ನೋಡಿಯೇ ಒಳಗಿಟ್ಟೆ. ಫ್ರಂಟ್ ಪ್ಯಾನೆಲ್‌ನ ಸಣ್ಣ ವೈರುಗಳ ಫೋಟೋ ಹಳೆ ಬೋರ್ಡಿನಲ್ಲಿದ್ದಾಗ ತೆಗೆದಿದ್ದೆ. ಆದರೂ ಹೊಸ ಬೋರ್ಡಿನ ಪುಸ್ತಕ ನೋಡಿಯೇ ಜೋಡಿಸಿದೆ.

ಎಸ್‌ಎಸ್‌ಡಿ ಕೇಬಲ್ ಹಾಕುವ ಮುಂಚೆ ಒಂದು ಸಲ ಬಯೋಸ್ ತೆರೆದೆ. ಇಂಟೆಲ್‌ನಲ್ಲಿ ಟಿಪಿಎಂ ಪಿಟಿಟಿ ಅನ್ನೋ ಹೆಸರಿನಲ್ಲಿರುತ್ತೆ, ಆನ್ ಆಗಿತ್ತು. ಡಿಸ್ಕ್ ಜೋಡಿಸುವ ಸಾಟಾ, ಎಎಚ್‌ಸಿಐ ಮೋಡಿನಲ್ಲೇ ಇತ್ತು. ತಾರೀಕು ಮಾತ್ರ ಹಳೆಯದು ತೋರಿಸುತ್ತಿತ್ತು, ಸರಿ ಮಾಡಿದೆ. ಇದು ಚಿಕ್ಕ ವಿಷಯ ಅಲ್ಲ. ಗಡಿಯಾರ ತಪ್ಪಿದ್ದರೆ ಸರ್ವರಿನ ಸರ್ಟಿಫಿಕೇಟುಗಳು ಹೊಂದಲ್ಲ, ಲಾಗಿನ್ ಕಿಟಕಿ ಖಾಲಿ ನಿಲ್ಲುತ್ತೆ, ಆಕ್ಟಿವೇಷನ್ ಆಗಲ್ಲ. ತಪ್ಪು ಲೈಸೆನ್ಸಿನದು ಅಂದುಕೊಂಡು ಜನ ಅಲ್ಲೇ ತಡಕಾಡ್ತಾರೆ.

ಡಿಸ್ಕ್ ಹಾಕಿ ಆನ್ ಮಾಡಿದಾಗ ವಿಂಡೋಸ್ ಲೋಗೋ ಬಂತು. ಕೆಳಗೆ "ಸಾಧನಗಳನ್ನು ಸಿದ್ಧಪಡಿಸುತ್ತಿದೆ" ಅನ್ನೋ ಅರ್ಥದ ಸಾಲು. ತಾನಾಗಿ ರೀಸ್ಟಾರ್ಟ್ ಆಗಿ ಲಾಗಿನ್‌ಗೆ ಬಂದು ನಿಂತಿತು. ಎಕ್ಸ್‌ಪಿ ಕಾಲದಲ್ಲಿ ಹೀಗೆ ಡಿಸ್ಕನ್ನು ಬೇರೆ ಬೋರ್ಡಿಗೆ ಹಾಕಿದರೆ ನೀಲಿ ಪರದೆ ಬರೋದೇ ಹೆಚ್ಚು. ಆ ವಿಚಾರದಲ್ಲಿ ವಿಂಡೋಸ್ 10 ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತೆ. ಲೋಕಲ್ ಅಡ್ಮಿನ್ ಅಕೌಂಟಿನಲ್ಲಿ ಒಳಗೆ ಹೋಗಿ ಪೆನ್‌ಡ್ರೈವಿನಿಂದ ಲ್ಯಾನ್ ಡ್ರೈವರ್ ಹಾಕಿದೆ. ಪೆನ್‌ಡ್ರೈವ್ ಕೈಗೆ ಸಿಗದವರು ಆ್ಯಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೂ ಇಂಟರ್ನೆಟ್ ಬರುತ್ತೆ.

ಆಮೇಲೆ ಭಾವನ ಅಕೌಂಟಿಗೆ ಬಂದು ಆಕ್ಟಿವೇಷನ್ ಪುಟ ತೆರೆದೆ. ನಿರೀಕ್ಷೆಯಂತೆ ವಿಂಡೋಸ್ ಆಕ್ಟಿವೇಟ್ ಆಗಿಲ್ಲ, ಹಾರ್ಡ್‌ವೇರ್ ಬದಲಾಗಿದೆ ಅಂತ ಬಂದಿತ್ತು. ಎರರ್ ಕೋಡ್ ಸಿ004ಎಫ್211 ಅಂತ ಮುಗಿಯುತ್ತಿತ್ತು. ಈ ಕೋಡ್ ಕಂಡರೆ ಹೆದರಬೇಕಾಗಿಲ್ಲ. ಬೋರ್ಡ್ ಬದಲಾದದ್ದು ಸರ್ವರಿಗೆ ಗೊತ್ತಾಗಿದೆ ಅಂತ ಅರ್ಥ, ಅಷ್ಟೇ. ಅದೇ ಪುಟದಲ್ಲಿ ಟ್ರಬಲ್‌ಶೂಟ್ ಬಟನ್ ಇರುತ್ತೆ. ಆಕ್ಟಿವೇಟ್ ಆಗಿರುವಾಗ ಈ ಬಟನ್ ಕಾಣಲ್ಲ, ಅಡ್ಮಿನ್ ಅಲ್ಲದವರಿಗೆ ಕೆಲಸ ಮಾಡಲ್ಲ. ಅದು ಒಂದಿಷ್ಟು ಹೊತ್ತು ಹುಡುಕಿ ಸರಿಮಾಡಲು ಆಗಲಿಲ್ಲ ಅಂದಿತು. ಅದರ ಕೆಳಗೆ ನೀಲಿ ಅಕ್ಷರದಲ್ಲಿ "ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ" ಅನ್ನೋ ಸಾಲು. ಒತ್ತಬೇಕಾದ್ದು ಅದನ್ನೇ. ಪಾಸ್‌ವರ್ಡ್ ಕೇಳಿತು, ಭಾವನ ಫೋನಿಗೆ ಕೋಡ್ ಬಂತು. ಆಮೇಲೆ ಆ ಅಕೌಂಟಿಗೆ ಸೇರಿದ ಕಂಪ್ಯೂಟರುಗಳ ಪಟ್ಟಿ. ಅದರಲ್ಲಿ ಅಕ್ಕನ ಲ್ಯಾಪ್‌ಟಾಪೂ ಇತ್ತು. "ಅಂಗಡಿ-ಮೇನ್" ಆರಿಸಿ, "ಸದ್ಯ ನಾನು ಬಳಸುತ್ತಿರುವುದು ಇದೇ" ಅನ್ನೋ ಚೌಕಕ್ಕೆ ಟಿಕ್ ಹಾಕಿ, ಆಕ್ಟಿವೇಟ್ ಒತ್ತಿದೆ. ಪಕ್ಕದಲ್ಲೇ ನಿಂತಿದ್ದ ಭಾವ "ಆಯ್ತಾ? ಇಷ್ಟೇನಾ?" ಅಂದರು. ಆಗಿತ್ತು. ಎಸ್‌ಎಲ್‌ಎಂಜಿಆರ್‌ಗೆ ಎಕ್ಸ್‌ಪಿಆರ್ ಸೇರಿಸಿ ಓಡಿಸಿದಾಗ "ಶಾಶ್ವತವಾಗಿ ಆಕ್ಟಿವೇಟ್ ಆಗಿದೆ" ಅಂತ ಬಂತು.

ಪಟ್ಟಿಯಲ್ಲಿ ಕಂಪ್ಯೂಟರ್ ಕಾಣದಿದ್ದರೆ ಎಡಿಷನ್ ನೋಡಿ. ಪ್ರೊ ಲೈಸೆನ್ಸ್ ಹೋಮ್‌ಗೆ ಆಗಲ್ಲ, ಹೋಮ್ ಪ್ರೊಗೆ ಆಗಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡುವವರು ಇಲ್ಲೇ ಎಡವೋದು ಜಾಸ್ತಿ. ಇನ್ನು ಹಳೆ ಬೋರ್ಡ್ ಆಗಲೇ ಸತ್ತು, ಅಕೌಂಟಿಗೂ ಜೋಡಿಸಿರದಿದ್ದರೆ, ರಿಟೇಲ್ ಡಬ್ಬಿಯ 25 ಅಕ್ಷರದ ಕೀ ಇದ್ದವರಿಗೆ ಇನ್ನೂ ದಾರಿ ಇದೆ. ಆಕ್ಟಿವೇಷನ್ ಪುಟದಲ್ಲಿ ಚೇಂಜ್ ಪ್ರಾಡಕ್ಟ್ ಕೀ ಒತ್ತಿ ಅದನ್ನು ಹಾಕಿ. ಸಿ004ಸಿ008 ಅಂತ ಬಂದರೆ ಆ ಕೀ ಆಗಲೇ ಬೇರೆಡೆ ಬಳಕೆಯಾಗಿದೆ ಅಂತ. ಆಗ ಮೈಕ್ರೋಸಾಫ್ಟ್ ಸಪೋರ್ಟಿಗೆ ಬಿಲ್ ಇಟ್ಟುಕೊಂಡು ಕೇಳಬೇಕು. ಬಿಲ್ಲನ್ನು, ಕೀ ಇರುವ ಕಾರ್ಡನ್ನು ಎಸೆಯಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳೋದು ಇದಕ್ಕೇ.

ವಿಂಡೋಸ್ 11ಕ್ಕೆ ಏರಿಸಿದ್ದು ಇದೆಲ್ಲ ಮುಗಿದ ಮೇಲೆ. ಈ ಕ್ರಮ ಬೇಕಂತಲೇ ಇಟ್ಟುಕೊಂಡದ್ದು. ಹೊಸ ಬೋರ್ಡಿನ ಮೇಲೆ 10 ಆಕ್ಟಿವೇಟ್ ಆದರೆ, ಅಲ್ಲಿಂದ ಮಾಡುವ ಅಪ್‌ಗ್ರೇಡಿಗೆ ಅದೇ ಡಿಜಿಟಲ್ ಲೈಸೆನ್ಸ್ ಸಾಕು, ಬೇರೆ ಕೀ ಕೇಳಲ್ಲ. ಸೆಕ್ಯೂರ್ ಬೂಟ್ ಆನ್ ಮಾಡಿ ಅಪ್‌ಗ್ರೇಡ್ ಓಡಿಸಿದೆ. ಪೇಜ್‌ಮೇಕರ್ ತೆರೆದು ಭಾವ ಹಳೆಯದೊಂದು ಲಗ್ನಪತ್ರಿಕೆಯ ಫೈಲ್ ಹಾಕಿ, ಒತ್ತಕ್ಷರಗಳೆಲ್ಲ ಸರಿಯಾಗಿ ಕೂತಿವೆಯಾ ಅಂತ ಸಾಲು ಸಾಲು ನೋಡಿದರು. ಎಲ್ಲ ಜಾಗದಲ್ಲೇ ಇದ್ದವು. ಟ್ಯಾಲಿಯೂ ಮತ್ತೆ ಆಕ್ಟಿವೇಟ್ ಆಯಿತು.

ಹಳೆ ಎಚ್81 ಬೋರ್ಡಿಗೆ ಈ ವಿಂಡೋಸ್ ಮತ್ತೆ ಹಾಕಲ್ಲ. ಲೈಸೆನ್ಸ್ ಒಂದು ಕಂಪ್ಯೂಟರಿಗೆ ಅಷ್ಟೇ. ರ‍್ಯಾಮ್ ಸ್ಲಾಟ್ ಒಂದೇ ಇದ್ದರೂ ಲಿನಕ್ಸ್ ಮಿಂಟ್ ಓಡುತ್ತೆ, ಅಕ್ಕನ ಮಗ ಟೈಪಿಂಗ್ ಕಲಿಯೋಕೆ ಕೇಳಿದ್ದಾನೆ. ಅಂಗಡಿಯ ಎರಡನೆಯ ಕಂಪ್ಯೂಟರ್ ಬ್ರ್ಯಾಂಡೆಡ್, ಡಿಎಲ್‌ಐ ಓಡಿಸಿದರೆ ಒಇಎಂ ಡಿಎಂ. ಅದಕ್ಕೂ ಇಂಥದೇ ಬೋರ್ಡ್ ಹಾಕೋಣ ಅಂತ ಭಾವ ಹೇಳುತ್ತಿದ್ದಾರೆ. ಅದರ ಲೆಕ್ಕದಲ್ಲಿ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಜೊತೆ ಹೊಸ ವಿಂಡೋಸಿನ ಬೆಲೆಯನ್ನೂ ಬರೆದುಕೊಟ್ಟಿದ್ದೇನೆ.